ಕೂರಬೇಕೋ ನಿಲ್ಲಬೇಕೋ ಎಂದು ಕೇಳಿದ ಡಾಕ್ಟರು

ಹೋದ ವಾರ ಅಣ್ಣನ ಮೊಮ್ಮಗ ತನ್ನ ಕೋಣೆಗೆ ಫಾಲ್ಸ್ ಸೀಲಿಂಗ್ ಮಾಡಿಸಿದ. ಕೆಲಸದವರು ನಡುಮನೆಯಲ್ಲಿ ಬಾಂಡ್ಲಿ ತುಂಬ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸುತ್ತಿದ್ದರು. ಆ ಒದ್ದೆ ಸುಣ್ಣದಂಥ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಸೊಂಟ ಬೆಚ್ಚಗಾಯಿತು. ಹಸಿ ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿ ಬಿಡುತ್ತದೆ, ಅದು ಮೈಗೆ ಸುತ್ತಿಸಿಕೊಂಡವರಿಗೇ ಗೊತ್ತು. ಕೈಲಿದ್ದ ಕಾಫಿ ಆರಿಹೋಗುವವರೆಗೂ ಅಲ್ಲೇ ಕೂತಿದ್ದೆ...

ಅರವತ್ತರ ದಶಕದ ಕೊನೆ ಅದು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಗೊಂದು ಕೈಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು, ಅದರ ಅಂಚಿನ ಮೇಲೆ ಕೂತು, ಒಳಗಿನ ಹಲಗೆಗಳನ್ನು ತುಳಿಯುತ್ತ ನೇಯಬೇಕು. ದಾವಣಿ ಹಾಕುವ ವಯಸ್ಸಿಗೇ ನಾನು ಸೀರೆ ನೇಯುತ್ತಿದ್ದೆ, ಅಣ್ಣನಿಗಿಂತ ಚೆನ್ನಾಗಿ. ಅವನು ಈಗಲೂ ಒಪ್ಪುವುದಿಲ್ಲ, ಬಿಡಿ. ಆಮೇಲೆ ನನ್ನ ಬಲ ಸೊಂಟದ ಕೀಲಿಗೆ ಕ್ಷಯ ಹಿಡಿಯಿತು. ಎದೆಗೆ ಬರುವ ಕಾಯಿಲೆ ಮೂಳೆಗೂ ಬರುತ್ತದೆ ಅಂತ ನಮಗೇನು ಗೊತ್ತು? ಉಳುಕು ಅಂದುಕೊಂಡು ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು. ಕೊನೆಗೆ ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಎದೆಯಿಂದ ಪಾದದವರೆಗೆ ಪ್ಲಾಸ್ಟರ್ ಸುತ್ತಿದರು.

ಆ ತಿಂಗಳುಗಳು ನಿದ್ದೆಯೋ ಎಚ್ಚರವೋ ಈಗಲೂ ಹೇಳಲಾರೆ. ದಿನಾ ಇಂಜೆಕ್ಷನ್, ಸಂಜೆಯಾದರೆ ಜ್ವರ, ಎತ್ತರದ ಕಿಟಕಿಯಲ್ಲಿ ಗುಟುರು ಹಾಕುವ ಪಾರಿವಾಳಗಳು. ಜ್ವರ ಏರಿದಾಗ ವಾರ್ಡಿನ ಫ್ಯಾನಿನ ಸದ್ದೇ ನಮ್ಮ ಬೀದಿಯ ಸದ್ದಾಗುತ್ತಿತ್ತು. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತಿತ್ತು, ನೇಯ್ದ ಸೀರೆ ಮಂಚದಿಂದ ಇಳಿದು ಬಾಗಿಲಾಚೆ ಹರಿದುಕೊಂಡು ಹೋಗುತ್ತಿತ್ತು... ಹಾಗೊಂದು ಮಂಪರಿನಿಂದ ಕಣ್ಣು ಬಿಟ್ಟಾಗ ಡಾಕ್ಟರು ನನ್ನ ಕಾಲ್ಬೆರಳುಗಳನ್ನೇ ನೋಡುತ್ತ ನಿಂತಿದ್ದರು. ನಿದ್ದೆಯಲ್ಲಿ ಅವು ಆಡುತ್ತಿದ್ದವಂತೆ. ಏನಮ್ಮ ತುಳಿಯುತ್ತಿದ್ದೆ ಅಂತ ಕೇಳಿದರು. ಮಗ್ಗ ಅಂದೆ.

ತೆಳ್ಳಗಿನ ಮನುಷ್ಯ, ದಪ್ಪ ಕನ್ನಡಕ. ಆಪರೇಷನ್ ಮಾಡುವುದರ ಜೊತೆಗೆ ಕೀಲುಗಳ ಮೇಲೆ ಏನೋ ಸಂಶೋಧನೆ ಮಾಡುತ್ತಿದ್ದರು. ಜೇಬಿನಲ್ಲಿ ಎರಡು ಕಡ್ಡಿಗಳ ಹಿತ್ತಾಳೆಯ ಅಳತೆ ಸಾಮಾನು ಯಾವಾಗಲೂ ಇರುತ್ತಿತ್ತು. ವರಾಂಡದಲ್ಲಿ ಕುಕ್ಕರುಗಾಲಲ್ಲಿ ಕೂತವರು ಕಂಡರೆ ಸಾಕು, ಆಯಾ ಆಗಲಿ, ರೋಗಿಯ ಕಡೆಯವರಾಗಲಿ, ಸೊಂಟ ಎಷ್ಟು ಮಡಿಚಿದೆ ಎಂದು ಅಳೆದೇ ಬಿಡುತ್ತಿದ್ದರು. ನಾವು ಓದುವ ಪುಸ್ತಕಗಳನ್ನೆಲ್ಲ ಕುರ್ಚಿಯ ಮೇಲೆ ಕೂರುವವರು ಬರೆದಿದ್ದಾರೆ, ನೆಲದ ಮೇಲೆ ಕೂರುವವರ ಕೀಲಿನ ಲೆಕ್ಕ ಅದರಲ್ಲಿಲ್ಲ ಅನ್ನುತ್ತಿದ್ದರು. ಅವರ ಬೆನ್ನ ಹಿಂದೆ ವಾರ್ಡೆಲ್ಲ ನಗುತ್ತಿತ್ತು, ನಾನೂ ನಕ್ಕಿದ್ದೇನೆ.

ಕೀಲು ಪೂರ್ತಿ ತಿಂದುಹೋಗಿತ್ತು. ಇರುವುದು ಎರಡೇ ದಾರಿ ಅಂದರು ಡಾಕ್ಟರು. ಮೂಳೆಗಳನ್ನು ಒಂದಕ್ಕೊಂದು ಬೆಸೆದರೆ ಕಾಲು ನೆಟ್ಟಗಾಗುತ್ತದೆ, ನೋವಿಲ್ಲದೆ ದಿನವಿಡೀ ನಿಲ್ಲಬಹುದು. ಆದರೆ ಸೊಂಟ ಮಡಿಚದು, ನೆಲದ ಮೇಲೆ ಕೂರುವುದು ಮುಗಿದ ಮಾತು, ಮಗ್ಗವೂ ಇಲ್ಲ. ಕೊಳೆತ ಮೂಳೆಯ ತುದಿಯನ್ನು ತೆಗೆದುಹಾಕಿದರೆ ಬೇಕಾದ ಹಾಗೆ ಕೂರಬಹುದು. ಆದರೆ ಕಾಲು ಗಿಡ್ಡವಾಗುತ್ತದೆ, ಕೋಲು ಬೇಕು, ಹೆಚ್ಚು ಹೊತ್ತು ನಿಲ್ಲಲಾಗದು. ಅಪ್ಪ ಅಮ್ಮ ನೆಟ್ಟಗಿನ ಕಾಲೇ ಸಾಕೆಂದು ಹಟ ಹಿಡಿದರು. ಕುಂಟಿಯನ್ನು ಯಾರು ಮದುವೆಯಾಗುತ್ತಾರೆ ಎಂಬ ಚಿಂತೆ ಅವರಿಗೆ. ಹಾಗಾದರೆ ಹಸೆಮಣೆಯ ಮೇಲೂ ಕಂಬದ ಹಾಗೆ ನಿಂತೇ ತಾಳಿ ಕಟ್ಟಿಸಿಕೊಳ್ಳಲೇ ಅಂತ ನಾನು ಜಗಳ ತೆಗೆದೆ.

ಡಾಕ್ಟರು ಯಾರ ಮಾತನ್ನೂ ತೀರ್ಮಾನ ಅಂದುಕೊಳ್ಳಲಿಲ್ಲ. ಒಂದು ಭಾನುವಾರ ರೈಲು ಹತ್ತಿ ನಮ್ಮ ಮನೆಗೇ ಹೋದರಂತೆ. ಪ್ಯಾಂಟು ಮಡಿಚಿ ಮಗ್ಗದ ಗುಂಡಿಗೆ ಕಾಲಿಳಿಸಿ ಕೂತರಂತೆ, ಅಣ್ಣನನ್ನು ಕೂರಿಸಿ ಅಳೆದರಂತೆ, ಬೀದಿಗೆ ಬೀದಿಯೇ ಕಿಟಕಿಯಲ್ಲಿ ಇಣುಕಿತಂತೆ. ಮರುದಿನ ನನ್ನ ಮಂಚದ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡರು.

“ಕೂರೋದು ಬೇಕೋ ನಿಲ್ಲೋದು ಬೇಕೋ, ನೀನೇ ಹೇಳಮ್ಮ. ಕಾಲು ನಿಂದು.”

“ಕೂರ್ಬೇಕು ಸಾರ್.”

ಅಲ್ಲಿಯವರೆಗೆ ಲಂಗದ ಬಣ್ಣವನ್ನೂ ಯಾರೂ ನನ್ನನ್ನು ಕೇಳಿ ತಂದವರಲ್ಲ. ಅವರು ಆ ಕಡೆ ಹೋದ ಮೇಲೆ ಮುಸುಕು ಹಾಕಿಕೊಂಡು ಅತ್ತೆ. ಸಂತೋಷಕ್ಕೇ ಅತ್ತೆ.

ಆಪರೇಷನ್ ಆದ ಮೇಲೆ ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರು. ದಿನಾ ಬಂದು ಹಗ್ಗ ಸರಿಯಾಗಿದೆಯೇ ನೋಡುತ್ತಿದ್ದರು, ಬೆನ್ನು ಹುಣ್ಣಾಗಿದೆಯೇ ಎಂದು ನರ್ಸಮ್ಮನಿಂದ ನೋಡಿಸುತ್ತಿದ್ದರು. ಕೊನೆಗೆ ಒಂದು ದಿನ ನನ್ನನ್ನು ವಾರ್ಡಿನ ನೆಲದ ಮೇಲೆ ಕೂರಿಸಿದರು. ತಾವೂ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಮಗುವಿನ ಹಾಗೆ ನಕ್ಕರು. ಆ ನೆಲದ ತಂಪು...

ಮನೆಗೆ ಬಂದೆ, ಮಗ್ಗಕ್ಕೆ ಕೂತೆ. ಕೆಲವು ವರ್ಷ ಬಹಳ ಚೆನ್ನಾಗಿದ್ದವು. ಅಷ್ಟರಲ್ಲಿ ಊರಿಗೆಲ್ಲ ಪವರ್‌ಲೂಮ್ ಬಂತು. ಅಣ್ಣನೂ ಗುಂಡಿಗೆ ಮಣ್ಣು ತುಂಬಿ ಅದರ ಮೇಲೇ ಮಿಷನ್ ಕೂರಿಸಿದ. ಮಿಷನ್ ನೋಡಿಕೊಳ್ಳುವವರು ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಕು. ನನ್ನ ಕೈಲಿ ಅದಾಗದು. ಯಾರ ಮೇಲೆ ಅಂತ ಸಿಟ್ಟು ಮಾಡಲಿ?

ಎಪ್ಪತ್ತರ ದಶಕದ ನಡುವಿನಲ್ಲಿ ಒಂದು ಮಧ್ಯಾಹ್ನ ಡಾಕ್ಟರು ಹಳೆಯ ರೋಗಿಗಳನ್ನು ನೋಡಲೆಂದು ಬಂದರು. ಕೂದಲು ನರೆತಿತ್ತು. ಮಿಷನ್ನಿನ ಗದ್ದಲದಲ್ಲಿ ನಿಂತು ನೆಲದ ಮೇಲೆ ಗುಂಡಿಯನ್ನು ಹುಡುಕಿದರು.

“ಈಗ ಏನ್ ಮಾಡ್ತಿದೀಯಮ್ಮ?”

“ಏನಿಲ್ಲ ಸಾರ್. ಸುಮ್ನೆ ಮನೇಲಿದೀನಿ.”

ಅವರ ಮುಖ ಇಳಿದುಹೋಯಿತು. ಕನ್ನಡಕ ತೆಗೆದು ಒರೆಸಿದರು. “ಆ ಇನ್ನೊಂದನ್ನೇ ಮಾಡ್ಬೇಕಿತ್ತು. ನಿಲ್ಲಕ್ಕಾದ್ರೂ ಆಗ್ತಿತ್ತು” ಅಂದರು. ಹಾಗೆಲ್ಲ ಅನ್ನಬೇಡಿ ಅಂದೆ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡಿರಬೇಕು. ಕಾಫಿ ಅರ್ಧ ಬಿಟ್ಟು ರೈಲಿಗೆ ಹೊರಟರು.

ಸುಮ್ಮನೆ ಮನೆಯಲ್ಲಿದ್ದೆನೇ ನಾನು? ಆಗೆಲ್ಲ ದಿನಾ ಬೆಳಗ್ಗೆ ಬೀದಿಯ ಬಾಣಂತಿಯರು ತಮ್ಮ ಕೂಸುಗಳನ್ನು ನನ್ನ ಹತ್ತಿರ ತರುತ್ತಿದ್ದರು. ಹಂಡೆಯ ಪಕ್ಕ ಬಚ್ಚಲಿನ ನೆಲದ ಮೇಲೆ ಕೂತು, ಎರಡೂ ಕಾಲು ಮುಂದಕ್ಕೆ ಚಾಚಿ, ಕೂಸನ್ನು ಅವುಗಳ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದೆ. ಸೊಂಟ ಬೆಸೆದಿದ್ದರೆ ಹಾಗೆ ಕೂರಲಾಗುತ್ತಿತ್ತೇ? ಮದುವೆಯಿಲ್ಲ, ಹೆತ್ತದ್ದಿಲ್ಲ. ಆದರೂ ಈ ಬೀದಿಯ ಅರ್ಧ ಜನ ನನ್ನ ಕಾಲ ಮೇಲೆ ಮಲಗಿ ಕಿರುಚಿದವರೇ. ಅವರ ಬಿಸಿ ಮೈ, ಸೀಗೆಪುಡಿಯ ಹೊಗೆಯಂಥ ಹಬೆ, ನೀರು ಬಿದ್ದೊಡನೆ ತೂಕಡಿಸುವ ಕಣ್ಣುಗಳು... ನನ್ನ ಬದುಕಿನ ಸುಖವೆಲ್ಲ ಅಲ್ಲೇ ಇತ್ತು. ಅದನ್ನೂ ಕೆಲಸ ಅಂತ ಹೇಳಬಹುದೆಂದು ಅವತ್ತು ನನಗೆ ಹೊಳೆಯಲೇ ಇಲ್ಲ.

ಡಾಕ್ಟರು ತೀರಿಕೊಂಡು ಬಹಳ ಕಾಲವಾಯಿತಂತೆ. ಈಗ ಹೇಳೋಣವೆಂದರೆ ಅವರಿಲ್ಲ. ಇವಳ ಬದುಕು ಕೆಡಿಸಿಬಿಟ್ಟೆ ಅಂದುಕೊಂಡೇ ಹೋದರೇನೋ. ಅವತ್ತು ಬೆಳಗಿನ ರೈಲಿಗೆ ಬಂದಿದ್ದರೆ ಬಚ್ಚಲಿನಲ್ಲಿ ಕೂತ ನನ್ನನ್ನು ಕಣ್ಣಾರೆ ನೋಡುತ್ತಿದ್ದರು. ಅವರು ಬಂದದ್ದು ಮಧ್ಯಾಹ್ನ.