ಭಾವನ ಮೂಗು, ಇಳಿಯದ ಗಾಜು

ನಮ್ಮ ಭಾವನದು ಹಳೆಯ ಕಾರುಗಳ ವ್ಯಾಪಾರ. ಕಂಡವರ ವಿಷಯಕ್ಕೆ ಮೂಗು ತೂರಿಸುವುದೇ ಅವರ ಹೊಟ್ಟೆಪಾಡು. ಮಾರಲು ಬಂದ ಕಾರಿನ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಮೂಸುತ್ತಾರೆ. ಪ್ರವಾಹದಲ್ಲಿ ಮುಳುಗೆದ್ದ ಕಾರನ್ನು ಎಷ್ಟು ತೊಳೆದು ಸೆಂಟು ಹೊಡೆದರೂ ಬೆಲ್ಟಿನ ಒಳತುದಿಯಲ್ಲಿ ಕೆಸರಿನ ವಾಸನೆ ಉಳಿದಿರುತ್ತದಂತೆ. ಮಾರುವವನು ನಕ್ಕರೆ ಭಾವನಿಗೆ ಗುಮಾನಿ. ನಗದಿದ್ದರೆ ಇನ್ನೂ ಗುಮಾನಿ. ಅಕ್ಕ ಹೊಸ ಸೋಪು ತಂದಾಗಲೂ, ಏನನ್ನು ಮುಚ್ಚಿಡಲು ಇಷ್ಟು ಘಮ ಎಂದು ಕೇಳಿದ್ದರು.

ಕಾರು ಕೊಂಡವರಿಗೆ ಒಂದು ಉಪದೇಶ ಮಾತ್ರ ಪುಕ್ಕಟೆ. ನೀರಲ್ಲಿ ಕಾರು ನಿಂತರೆ ಮತ್ತೆ ಸ್ಟಾರ್ಟ್ ಮಾಡಬಾರದು. ಬೆಲ್ಟ್ ಬಿಚ್ಚಿ, ಬ್ಯಾಟರಿಗೆ ಜೀವವಿರುವಾಗಲೇ ಗಾಜು ಇಳಿಸಿ, ಕಿಟಕಿಯಿಂದ ಹೊರಬೀಳಬೇಕು. ಬಾಗಿಲನ್ನು ನಂಬಬಾರದು, ಹೊರಗಿನ ನೀರು ಅದನ್ನು ಅದುಮಿ ಹಿಡಿದಿರುತ್ತದೆ. ಕೇಳಿ ಕೇಳಿ ಅಕ್ಕನಿಗೂ ಇದು ಬಾಯಿಪಾಠ.

ಒಂದು ಮಧ್ಯಾಹ್ನ ಇಬ್ಬರೂ ಜೋರು ಮಳೆಯಲ್ಲಿ ಮನೆಗೆ ಬರುತ್ತಿದ್ದರು. ರೈಲು ಸೇತುವೆಯ ಕೆಳದಾರಿಯ ಮುಂದೆ ಕೆಟ್ಟ ಗಾಡಿಗಳನ್ನು ಎಳೆದೊಯ್ಯುವ ಟೋಯಿಂಗ್‌ನವನೊಬ್ಬ ನಿಂತು, ಹೋಗಬೇಡಿ ಎಂದು ಕೈ ಬೀಸುತ್ತಿದ್ದ. ಬಳಸುದಾರಿಯಲ್ಲಿ ಯಾವುದೋ ಗುಂಡಿಗೆ ಕೆಡವಿ ಗಿರಾಕಿ ಮಾಡಿಕೊಳ್ಳುವ ಹುನ್ನಾರ ಎಂದುಕೊಂಡ ಭಾವ ನೇರ ನೀರಿಗೇ ಇಳಿಸಿದರು. ನಟ್ಟನಡುವೆ ಇಂಜಿನ್ ಒಮ್ಮೆ ಕೆಮ್ಮಿ ಮೌನವಾಯಿತು.

ನೀರು ಬಾಗಿಲ ಹಿಡಿಯವರೆಗೆ ಏರಿತು. ಭಾವ ಎಸಿಯ ಕಿಂಡಿಗಳನ್ನೆಲ್ಲ ಮುಚ್ಚಿ ಕೈಕಟ್ಟಿ ಕುಳಿತರು.

“ರೀ, ಗಾಜು ಇಳಿಸಿ,” ಎಂದಳು ಅಕ್ಕ.

“ಇರೇ. ನೀರು ಕಮ್ಮಿ ಆಗ್ಬಹುದು. ಒಂದ್ಸಲ ಒಳಗೆ ಬಂತು ಅಂದ್ರೆ ಈ ಕಾರನ್ನ ಯಾರೂ ಮೂಸಲ್ಲ.”

“ಮೂಸಿದ ತಕ್ಷಣ ಬಿಟ್ಟೋಗ್ತಾರೆ ಅನ್ನಿ. ಒಳಗೆ ನಾನೂ ಇದೀನಿ, ಗೊತ್ತಿದೆಯಾ?”

ಕಿಂಡಿಗಳು ಸರಿಯಾಗಿ ಮುಚ್ಚಿವೆಯೇ ಎಂದು ಭಾವ ಮತ್ತೊಮ್ಮೆ ಒತ್ತಿ ನೋಡಿದರು. ಅಕ್ಕ ಇವತ್ತಿಗೂ ಮರೆಯದಿರುವುದು ಅದನ್ನೇ.

ಸಿಗ್ನಲ್ಲಿನಲ್ಲಿ ಯಾರಾದರೂ ಕೈ ಹಾಕಿಯಾರೆಂದು ಭಾವ ಅವಳ ಕಡೆಯ ಗಾಜಿಗೆ ಸದಾ ಲಾಕ್ ಹಾಕಿಡುತ್ತಿದ್ದರು. ಅದನ್ನು ಇಳಿಸುವ ಗುಂಡಿ ಇದ್ದದ್ದು ಅವರ ಬಾಗಿಲಲ್ಲಿ. ಅಕ್ಕ ಬೆಲ್ಟ್ ಬಿಚ್ಚಿ, ಗಂಡನ ಮಡಿಲ ಮೇಲಿಂದಲೇ ಬಾಗಿ ಅದನ್ನು ಒತ್ತಿದಳು. ಅವಳ ಕಡೆಯ ಗಾಜು ಮುಕ್ಕಾಲು ಇಳಿದು ನಿಂತುಬಿಟ್ಟಿತು. ಅಷ್ಟರಲ್ಲೇ ತೂರಿ, ಚಾವಣಿಯ ಅಂಚು ಹಿಡಿದು ಮೇಲೆ ಹತ್ತಿದಳು. ಕೆಸರು ನೀರು ಸೊಂಟ ಮುಟ್ಟಿದಾಗ ಭಾವನೂ ಹಿಂಬಾಲಿಸಿದರು. ಟೋಯಿಂಗ್‌ನವನೇ ಹಗ್ಗ ಎಸೆದ. ಭಾವ ಅದನ್ನೂ ಎರಡು ಸಲ ಜಗ್ಗಿ ನೋಡಿಯೇ ಹಿಡಿದದ್ದು.

ಕಾರನ್ನು ರಿಪೇರಿ ಮಾಡಿಸಿದ್ದಾಯಿತು. ಮಾರಲು ಮನಸ್ಸಿದ್ದರೂ, ಬೆಲ್ಟ್ ಎಳೆದು ನೋಡಿದ ಭಾವನ ಮೂಗೇ ಒಪ್ಪಲಿಲ್ಲ. ಅಕ್ಕನ ಕಡೆಯ ಗಾಜಿನ ಲಾಕನ್ನು ತಾವಾಗಿಯೇ ತೆಗೆದರು. ಅಕ್ಕ ಆ ಬಗ್ಗೆ ಜಗಳವೇನೂ ತೆಗೆಯಲಿಲ್ಲ. ಕಾರು ಹತ್ತಿದೊಡನೆ ತನ್ನ ಕಡೆಯ ಗಾಜು ಪೂರ್ತಿ ಇಳಿಸಿ, ಗುಂಡಿಯ ಮೇಲೆ ಬೆರಳಿಟ್ಟು ಕೂರುತ್ತಾಳೆ, ಅಷ್ಟೆ.

ಮೊನ್ನೆ ಉರಿಬಿಸಿಲು. ಹಿಂದಿನ ಸೀಟಿನಲ್ಲಿ ನಾನಿದ್ದೆ. ಎಸಿ ಹಾಕಿದ್ದ ಭಾವ ಅವಳ ಕಡೆಯ ಇಳಿದ ಗಾಜು ನೋಡಿ ಗೊಣಗಿದರು, “ಮಳೆ ಎಲ್ಲಿದೆಯೇ?”

“ಮಳೆ ಮೇಲೆ ನನಗೇನೂ ಅನುಮಾನ ಇಲ್ಲ ರೀ.”

ಭಾವ ಎಸಿ ಆರಿಸಿದರು.