ಚಿಲಕ ಹಾಕಿದ ಮೇಲೂ ಎಣಿಕೆ ಯಾಕೆ?

ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಮೇಲೆ ಹನ್ನೊಂದು ಹಾಳೆ ಹರಡಿಕೊಂಡು ಒಬ್ಬಾಕೆ ಕೂತಿದ್ದಾರೆ. ಹಾಳೆ ತುಂಬ ಕಂಪ್ಯೂಟರಿನ ಕೋಡ್. ಎಡಗೈ ಬೆರಳು ಲಾಕ್ ಬೀಳುವ ಸಾಲಿನ ಮೇಲೆ, ಬಲಗೈ ಬೆರಳು ಅದು ತೆರೆಯುವ ಸಾಲಿನ ಮೇಲೆ. ನಡುವಿನದನ್ನೆಲ್ಲ ತುಟಿಯಾಡಿಸುತ್ತ ಓದುತ್ತಾರೆ. ಲೋಟ ಇಡಲು ಜಾಗ ಸಿಗದ ಅತ್ತೆ, ಸೊಸೆಗೆ ಎರಡೇ ಕೈ ಕೊಟ್ಟು ದೇವರು ಜಿಪುಣತನ ಮಾಡಿದ ಎಂದು ಗೊಣಗಿ ಚಹಾವನ್ನು ಕಿಟಕಿಯಲ್ಲಿಟ್ಟು ಹೋಗುತ್ತಾರೆ.

ಕೋಡಿನ ಒಂದು ತುಣುಕು ಕೆಲಸ ಮಾಡುವಾಗ ಇನ್ನೊಂದು ಒಳನುಗ್ಗದಂತೆ ತಡೆಯುವ ಲಾಕಿಗೆ ಇವರು ‘ಚಿಲಕ’ ಎನ್ನುತ್ತಾರೆ; ಜೊತೆಯವರು ಇವರನ್ನೇ ‘ಚಿಲಕದಕ್ಕ’ ಎನ್ನುತ್ತಾರೆ. ನಮ್ಮ ಮಾತು, ಚಿತ್ರಗಳನ್ನು ಊರಿಂದೂರಿಗೆ ಸಾಗಿಸುವ ಯಂತ್ರಗಳ ಒಡಲಿನ ಕೋಡನ್ನು ಹದಿನೇಳು ವರ್ಷದಿಂದ ಹಸನು ಮಾಡುತ್ತಿದ್ದಾರೆ. ಹೊಸ ಆ್ಯಪ್ ತಂದವನಿಗೆ ಹಾರ, ಭಾಷಣ, ಅರ್ಧ ಪುಟ ಫೋಟೋ. ಅದು ಓಡುವ ದಾರಿ ಗುಡಿಸುವ ಈಕೆ ಏನು ಮಾಡುತ್ತಾರೆಂದು ಪಕ್ಕದ ಮನೆಗೂ ಗೊತ್ತಿಲ್ಲ.

ಯಂತ್ರದೊಳಗೆ ಒಂದು ವಸ್ತುವನ್ನು ಹಿಡಿದಾಗ ಲೆಕ್ಕಕ್ಕೆ ಒಂದು ಕೂಡಬೇಕು, ಬಿಟ್ಟಾಗ ಒಂದು ಕಳೆಯಬೇಕು. ಸೊನ್ನೆಗಿಳಿದರೆ ಯಂತ್ರ ಅದನ್ನು ಎಸೆದುಬಿಡುತ್ತದೆ. ಚಿಲಕ ಬಿದ್ದಿರುವಾಗಲೂ ಈ ಎಣಿಕೆ ಬೇಕೇ ಎಂದರೆ ಇವರು ಮರುಪ್ರಶ್ನೆ ಹಾಕುತ್ತಾರೆ:

“ನೀವು ಚಿಲಕ ಹಾಕ್ಕೊಂಡು ಒಳಗೆ ಕೂತಿದೀರಿ. ಯಾರೂ ಬರೋ ಹಾಗಿಲ್ಲ. ಆದ್ರೂ ಕುರ್ಚಿ ಎತ್ಕೊಂಡು ಹೋಗ್ತಾರೆ ಅಂತ ಕೈಯಲ್ಲಿ ಹಿಡ್ಕೊಂಡೇ ಇರ್ತೀರಾ?”

ಸೆಕೆಂಡಿಗೆ ಮಾಹಿತಿಯ ಹತ್ತು ಲಕ್ಷ ಪೊಟ್ಟಣ ಸಾಗಿಸುವ ಯಂತ್ರದಲ್ಲಿ, ಕೂಡಿ ಕಳೆದು, ಇಪ್ಪತ್ತು ಲಕ್ಷ ದಂಡದ ಎಣಿಕೆ. ಇವರು ಅದನ್ನು ಹುಡುಕಿ ಕೀಳುತ್ತಾರೆ.

ಕೈ ತಪ್ಪಿದರೆ ಮಾತ್ರ ಗತಿಯಿಲ್ಲ. ಹೋದ ವರ್ಷ ಅಂಥ ಒಂದು ಎಣಿಕೆಯನ್ನು ಕಿತ್ತರು. ನಡುವೆ ಕೆಲಸಕ್ಕೆ ಕರೆಯುವ ಇನ್ನೊಂದು ಕೋಡ್ ತುಣುಕು ಚಿಲಕವನ್ನು ಅರೆಗಳಿಗೆ ತೆಗೆದು ಮತ್ತೆ ಹಾಕುತ್ತಿತ್ತು. ಅದನ್ನು ಬಿಚ್ಚಿ ನೋಡಿರಲಿಲ್ಲ. ಆ ಸಂದಿನಲ್ಲಿ ಲೆಕ್ಕ ಸೊನ್ನೆಗಿಳಿದು ವಸ್ತು ಮಾಯ. ಒಂದು ಊರಿನ ಫೋನುಗಳು ಮೂರು ಗಂಟೆ ಸತ್ತವು. ತಿದ್ದುಪಡಿ ಒಪ್ಪುವ ಹಿರಿಯ ಎಂಜಿನಿಯರು, ಇನ್ನೊಮ್ಮೆ ಹೀಗಾದರೆ ನಿಮ್ಮಿಂದ ಒಂದು ಸಾಲೂ ತಗೊಳ್ಳುವುದಿಲ್ಲ ಎಂದುಬಿಟ್ಟರು. ಹದಿನಾರು ವರ್ಷ ಸರಿಯಿದ್ದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

“ಬೈದಿದ್ದು ತಪ್ಪಲ್ಲ,” ಎನ್ನುತ್ತಾರೆ ಇವರು. “ನೋಡ್ದೆ ಕಿತ್ತೋಳು ನಾನೇ ಅಲ್ವಾ.”

ಇವತ್ತು ಐದು ಕಡೆ ಕೀಳುವುದಿದೆ. ಹೋದ ವರ್ಷದಿಂದೀಚೆಗೆ, ಕರೆದ ತುಣುಕನ್ನೂ ಅದು ಕರೆದದ್ದನ್ನೂ ಓದದೆ ಬೆರಳು ಎತ್ತುವುದಿಲ್ಲ. ನಾಲ್ಕು ಸರಿಯಿವೆ, ಕೀಳುತ್ತಾರೆ. ಐದನೆಯದರಲ್ಲಿ, ಮೂರನೇ ತುಣುಕಿನ ಒಳಗೆ, ಚಿಲಕ ಸದ್ದಿಲ್ಲದೆ ತೆರೆಯುತ್ತದೆ. ಚಹಾ ಆರಿದೆ. ಆ ಎಣಿಕೆಯನ್ನು ಅಲ್ಲೇ ಬಿಟ್ಟು, ಯಾಕೆ ಮುಟ್ಟಬಾರದೆಂದು ಮೇಲೊಂದು ಸಾಲು ಬರೆದು ಕಳಿಸುತ್ತಾರೆ.

ಎಂಟಕ್ಕೆ ಹಿರಿಯರ ಉತ್ತರ ಬರುತ್ತದೆ: ಐದನೆಯದು ನಮಗೂ ಕಂಡಿರಲಿಲ್ಲ, ನಾಲ್ಕನ್ನೂ ಸೇರಿಸಿಕೊಂಡಿದ್ದೇವೆ.

ನಿಮ್ಮ ಬಗ್ಗೆ ಪೇಪರಿನಲ್ಲಿ ಏನು ಬರಬೇಕು ಎಂದು ನಾವು ಕೇಳಿದರೆ, ಹಾಳೆಗಳನ್ನು ಜೋಡಿಸುತ್ತ ಹೇಳುತ್ತಾರೆ:

“ಕಿತ್ತ ನಾಲ್ಕು ಹಾಗಿರ್ಲಿ. ಬಿಟ್ಟಿದೀನಲ್ಲ, ಆ ಒಂದನ್ನ ಬರೀರಿ.”