ಮುನಿರಾಜಣ್ಣ, ಇವತ್ತಿನ ಹಾಳೆ ಓದಿಲ್ಲ

ಇಲ್ಲ... ನಂಬಲು ಆಗುತ್ತಲೇ ಇಲ್ಲ.
ಟೈಪಿಂಗ್ ತಪ್ಪಿದ್ದರೆ ಕ್ಷಮಿಸಿ.

ನಮ್ಮ ಶಿಡ್ಲಘಟ್ಟ ಕೋರ್ಟಿನ ಶಿರಸ್ತೇದಾರ್ ಮುನಿರಾಜಣ್ಣ ಹೋಗಿಬಿಟ್ಟರು.
ಇವತ್ತು ಬೆಳಗ್ಗೆ.
ಸ್ನಾನ ಮಾಡಿ, ಇಸ್ತ್ರಿ ಶರ್ಟ್ ತೊಟ್ಟು, ಶೂ ಹಾಕಲು ಬಗ್ಗಿದವರು ಮೇಲೆ ಏಳಲೇ ಇಲ್ಲವಂತೆ...
ಹಾರ್ಟ್ ಅಟ್ಯಾಕ್ ಅಂತೆ.
ಬಿಪಿ ಇಲ್ಲ, ಶುಗರ್ ಇಲ್ಲ. ನಿನ್ನೆ ಸಂಜೆ ಬಸ್ ಇಳಿಯುವಾಗ "ನಾಳೆ ನಿಮ್ಮನ್ನ ಸುಮ್ನೆ ಬಿಡಲ್ಲ ಲಾಯರಮ್ಮಾ" ಎಂದು ನಕ್ಕು ಹೋದ ಮನುಷ್ಯ!

ಬೆಳಗ್ಗೆ ಎಂಟು ಹತ್ತರ ಬಸ್ಸು. ಚಿಂತಾಮಣಿ ಸ್ಟ್ಯಾಂಡಿನಲ್ಲಿ ಎಂದಿನಂತೆ ಪಕ್ಕದ ಸೀಟಿಗೆ ನನ್ನ ಬ್ಯಾಗ್ ಇಟ್ಟು ಕಾದಿದ್ದೆ.
ಬಸ್ಸು ಹೊರಟಿತು. ಅವರು ಬರಲಿಲ್ಲ.
ಊರು ದಾಟುವಷ್ಟರಲ್ಲಿ ಫೋನ್ ಬಂತು.
ಅಲ್ಲೇ ಇಳಿದುಬಿಟ್ಟೆ. ಬ್ಯಾಗ್ ಅವರ ಸೀಟಿನಲ್ಲೇ ಇತ್ತು... ಕಂಡಕ್ಟರ್ ಕೂಗಿ ಕರೆದು ಕೊಟ್ಟರು.

ಗೊತ್ತಿಲ್ಲದವರಿಗೆ ಇದನ್ನು ಹೇಳಬೇಕು.
ಆರು ವರ್ಷದಿಂದ ನಾವಿಬ್ಬರೂ ದಿನಕ್ಕೊಂದು ಹಾಳೆ ಓದುತ್ತಿದ್ದೆವು. ಯಹೂದಿಗಳ ಹಳೆಯ ಧರ್ಮಶಾಸ್ತ್ರ. ಫೋನಿನಲ್ಲಿ, ಇಂಗ್ಲಿಷಿನಲ್ಲಿ.
ನಾವು ಯಹೂದಿಗಳಲ್ಲ. ಚಿಂತಾಮಣಿಯಲ್ಲಿ ಒಬ್ಬ ಯಹೂದಿಯನ್ನೂ ಕಂಡವರಲ್ಲ. ಮುನಿರಾಜಣ್ಣನ ಮನೆಯ ಗೋಡೆಯ ಮೇಲೆ ಬುದ್ಧ, ನಮ್ಮ ಮನೆಯಲ್ಲಿ ವೆಂಕಟರಮಣ.

ಶುರು ಮಾಡಿದ್ದು ಅವರೇ.
"ಲೋಕದಲ್ಲೆಲ್ಲಾ ಒಂದೇ ದಿನ ಒಂದೇ ಹಾಳೆ ಓದ್ತಾರಂತೆ ಲಾಯರಮ್ಮಾ. ಒಂಟಿಯಾಗಿ ಓದಬಾರ್ದಂತೆ. ಜೋಡಿ ಬೇಕಂತೆ, ಜಗಳ ಆಡೋಕೆ."
"ಅದಕ್ಕೆ ನಾನೇ ಯಾಕೆ?"
"ಜಗಳಕ್ಕೆ ನಿಮ್ಮನ್ನ ಬಿಟ್ರೆ ಇನ್ಯಾರಿದಾರೆ ಹೇಳಿ!"

ಅವತ್ತಿನಿಂದ ಒಂದು ದಿನವೂ ತಪ್ಪಿಲ್ಲ. ಭಾನುವಾರ ಫೋನಿನಲ್ಲಿ. ಲಾಕ್‌ಡೌನಿನಲ್ಲಿ ಫೋನಿನಲ್ಲಿ. ನನ್ನ ಹೆರಿಗೆಯಾದ ಮಾರನೇ ದಿನವೂ ಫೋನಿನಲ್ಲಿ...

ಇಬ್ಬರು ಒಂದೇ ಬಟ್ಟೆ ಹಿಡಿದು ಬಂದು, ಇಬ್ಬರೂ "ನಂದು" ಅಂದರೆ ಏನು ಮಾಡಬೇಕು? ಈ ಪ್ರಶ್ನೆ ಇದ್ದ ಹಾಳೆಯ ದಿನ ಇಡೀ ಬಸ್ಸೇ ನಮ್ಮ ಜಗಳಕ್ಕೆ ಇಳಿದಿತ್ತು. ರೇಷ್ಮೆ ಗೂಡಿನ ಚೀಲ ಹಿಡಿದು ಕೂತಿದ್ದ ಒಬ್ಬಾಕೆ, "ಆ ಬಟ್ಟೆ ದಿನಾ ಒಗೀತಿದ್ದೋರು ಯಾರು ಕೇಳಿ, ಅವ್ರದ್ದೇ" ಎಂದು ತೀರ್ಪು ಕೊಟ್ಟೇಬಿಟ್ಟರು. ಮುನಿರಾಜಣ್ಣ ಎದ್ದು ನಿಂತು ಅವರಿಗೆ ಕೈ ಮುಗಿದರು!

ಅವರಿಗೆ ಆ ಗ್ರಂಥದಲ್ಲಿ ಒಂದು ಸಂಗತಿ ಬಹಳ ಇಷ್ಟ.
ವಾದದಲ್ಲಿ ಸೋತವರ ಮಾತನ್ನೂ ಹೆಸರು ಸಮೇತ ಬರೆದಿಟ್ಟಿದ್ದಾರೆ.
"ಗೆದ್ದೋರ ಮಾತು ಎಲ್ರೂ ಬರೀತಾರಮ್ಮಾ. ಸೋತೋರ್ದು ಯಾಕ್ ಇಟ್ಟಿದಾರೆ ಅಂದ್ರೆ... ಮುಂದೆ ಯಾರಿಗೋ ಬೇಕಾಗಬೋದು ಅಂತ."
ಕಂಡವರ ಕೇಸುಗಳನ್ನೇ ನೋಡುತ್ತಾ ಮೂವತ್ತು ವರ್ಷ ಕಳೆದವರು. ಹೇಳುವಾಗ ಕಣ್ಣು ಒದ್ದೆಯಾಗುತ್ತಿತ್ತು.

ಮಧ್ಯಾಹ್ನ ಅವರ ಮನೆಗೆ ಹೋದೆ.
ಗಾಜಿನ ಪೆಟ್ಟಿಗೆಯಲ್ಲಿ... ಅದೇ ಇಸ್ತ್ರಿ ಶರ್ಟು.
ಅವರ ಹಳ್ಳಿ ಸಾದಲಿಯಿಂದ ಬಂದಿದ್ದ ನೆಂಟರ ಪೈಕಿ ಅಜ್ಜಿಯೊಬ್ಬರು ನನ್ನ ಮುಖ ನೋಡಿ ಕೇಳಿದರು.
"ನೀನು ಏನಾಗ್ಬೇಕಮ್ಮಾ ಅವ್ನಿಗೆ?"

ಹದಿನಾಲ್ಕು ವರ್ಷ ವಕೀಲಿಕೆ ಮಾಡಿದವಳು ನಾನು.
ಏನಾಗಬೇಕು ನಾನು?
ಹೊರಗೆ ಬಂದು ಚಪ್ಪಲಿಗಳ ಪಕ್ಕ ನಿಂತುಬಿಟ್ಟೆ.

ಮುನಿರಾಜಣ್ಣ...
ಆ ಹಾಳೆ ನೆನಪಿದೆಯಾ ನಿಮಗೆ?
ಸಾವಾದ ಮನೆಯವರು ಏಳು ದಿನ ಶಾಸ್ತ್ರ ಓದಬಾರದು, ಯಾಕೆಂದರೆ ಓದುವುದು ಸಂತೋಷದ ಕೆಲಸ ಅಂತ ಇತ್ತಲ್ಲ. "ಓದೋದು ಸಂತೋಷ ಅಂತ ಕಾನೂನೇ ಒಪ್ಕೊಂಡಿದೆ ನೋಡಿ!" ಎಂದು ನೀವು ಕುಣಿದಾಡಿದ್ದಿರಿ.
ಆದರೆ ಆ ನಿಯಮ ಯಾರಿಗೆ? ಹೆತ್ತವರು, ಮಕ್ಕಳು, ಒಡಹುಟ್ಟಿದವರು, ಗಂಡ, ಹೆಂಡತಿ. ಅಷ್ಟೇ. ಮಿಕ್ಕವರು ಓದಲೇಬೇಕು.
ಬಾಯಿ ತುಂಬ ಅಣ್ಣ ಅಂತ ಕರೆಯುವ ಸಂಬಂಧಕ್ಕೂ ಈ ನಿಯಮ ಬರಬೇಕು ಅಂತ ನಿಮ್ಮ ವಾದ.
ಬರಲ್ಲ ಅಂತ ನನ್ನದು.
"ಅಣ್ಣಾ ಅಂದೋರೆಲ್ಲಾ ಒಡಹುಟ್ಟಿದೋರಾದ್ರೆ, ಒಬ್ರು ಸತ್ರೆ ಇಡೀ ಚಿಂತಾಮಣಿನೇ ಪುಸ್ತಕ ಮುಚ್ಚಬೇಕು!" ಅಂದಿದ್ದೆ.
ಬಸ್ಸಿನಲ್ಲಿ ಎಲ್ಲರೂ ನಕ್ಕರು. ನಾನೇ ಗೆದ್ದೆ.
ನೀವು, "ಸರೇ ಲೇಮ್ಮಾ, ನಾನ್ ಸೋತೆ. ಆದ್ರೆ ನನ್ ಮಾತೂ ಬರ್ಕೊಳ್ಳಿ" ಅಂದಿರಿ.
ತಮಾಷೆಗೆ ಫೋನಿನ ನೋಟ್ಸಿನಲ್ಲಿ ಬರೆದುಕೊಂಡಿದ್ದೆ.

ಈಗ ಹುಡುಕಿದೆ ಅಣ್ಣಾ. ಇದೆ.
"ಮುನಿರಾಜಣ್ಣನ ಮಾತು: ದಿನಾ ಕರೆದರೆ, ದಿನಾ ಓಗೊಟ್ಟರೆ, ಅದೂ ಒಡಹುಟ್ಟೇ."

ಆ ಕೇಸು ಗೆದ್ದಿದ್ದು ನಾನು. ನನ್ನ ತೀರ್ಪಿನ ಪ್ರಕಾರ ನಾನು ನಿಮಗೆ ಯಾರೂ ಅಲ್ಲ. ಈಗಲೇ ಕೂತು ಇವತ್ತಿನ ಹಾಳೆ ಓದಬೇಕು.
ಸಂಜೆಯಿಂದ ಎರಡು ಸಲ ಫೋನಿನಲ್ಲಿ ತೆರೆದೆ... ಮೊದಲ ಸಾಲು ದಾಟಲು ಆಗಲಿಲ್ಲ. ಎದುರಾಡುವವರೇ ಇಲ್ಲ.

ನನಗೆ ನನ್ನ ಗೆಲುವು ಬೇಡ ಅಣ್ಣಾ.
ನಿಮ್ಮ ಸೋತ ಮಾತು ಸಾಕು.

ಆರು ವರ್ಷದಲ್ಲಿ ಮೊದಲ ಬಾರಿಗೆ ಓದು ನಿಲ್ಲಿಸುತ್ತಿದ್ದೇನೆ. ಏಳು ದಿನ.
ಎಂಟನೇ ದಿನ ಎಂಟು ಹತ್ತರ ಬಸ್ಸಿನಲ್ಲಿ, ಪಕ್ಕದ ಸೀಟಿಗೆ ಬ್ಯಾಗ್ ಇಡದೆ, ಯಾರು ಬಂದು ಕೂತರೂ ಅವರ ಹತ್ತಿರ ಜಗಳ ಶುರು ಮಾಡುತ್ತೇನೆ.

ಸ್ನೇಹಿತರೇ, ನಾಳೆ ಬೆಳಗ್ಗೆ ಹನ್ನೊಂದಕ್ಕೆ ಸಾದಲಿಯಲ್ಲಿ, ಅವರ ಹೊಲದಲ್ಲಿ ಮಣ್ಣು. ಬರುವವರು ಬನ್ನಿ.
ಆ ಅಜ್ಜಿಯೂ ಅಲ್ಲಿರುತ್ತಾರೆ. ಅವರು ಕೇಳದಿದ್ದರೂ ನಾನೇ ಹೋಗಿ ಹೇಳುತ್ತೇನೆ.
ತಂಗಿ ಆಗಬೇಕು ಅಜ್ಜಿ.

ಹೋಗಿ ಬನ್ನಿ ಮುನಿರಾಜಣ್ಣ...
ವಾದವಿಲ್ಲದ ಕಡೆ ನಿಮಗೆ ಹೊತ್ತು ಹೋಗುವುದಿಲ್ಲ, ಗೊತ್ತು. ಆದರೂ ನಿಮ್ಮ ಜೀವ ತಣ್ಣಗಿರಲಿ. 🙏